ಇಂಜಿನಿನ ಉಸಿರು, ಛತ್ರದ ಪಂಕ್ತಿ

ಈ ಸಲದ ದಸರೆಯಲ್ಲಿ ನಾವು ಗೊಂಬೆ ನೋಡಲು ಹೋದ ಮನೆಗಳು ಏಳು. ಗುರುಗ್ರಾಮದಂಥ ಊರಿನಲ್ಲಿ ಹನ್ನೆರಡನೆಯ ಅಂತಸ್ತಿಗೂ ಹದಿನೆಂಟನೆಯ ಅಂತಸ್ತಿಗೂ ಲಿಫ್ಟಿನಲ್ಲಿ ಏರಿಳಿದು, ಏಳು ಮನೆಯ ಉಸಲಿಯನ್ನೂ ಅರಗಿಸಿಕೊಂಡೆವೆಂದರೆ ಎಪ್ಪತ್ತು ದಾಟಿದವರಿಗೆ ಅದೇನು ಸಣ್ಣ ಕೆಲಸವಲ್ಲ. ಕಳೆದ ಸಂಚಿಕೆಯಲ್ಲಿ ಫ್ರಿಜ್ಜಿನ ವಿಚಾರ ಬರೆಯುವುದಾಗಿ ವಾಚಕರಿಗೆ ಮಾತು ಕೊಟ್ಟಿದ್ದೆವು. ಏಳನೆಯ ಮನೆಗೆ ಹೋಗಿ ಬಂದಮೇಲೆ ಆ ಮಾತನ್ನು ಮುಂದೂಡದೆ ವಿಧಿಯಿಲ್ಲವಾಯಿತು. ಗೃಹಿಣಿಯರು ಕ್ಷಮಿಸಬೇಕು.

ಏಳನೆಯದು ಹಳೆಯ ಸೆಕ್ಟರೊಂದರ ನೆಲಮಟ್ಟದ ಮನೆ. ಮೈಸೂರಿನವರು. ಯಜಮಾನರು ಡಿಪ್ಲೊಮಾ ಮುಗಿಸಿ ಚಿಕ್ಕ ವಯಸ್ಸಿನಲ್ಲೇ ಇಲ್ಲಿಗೆ ಬಂದು, ಇಲ್ಲಿಯ ಕಾರು ಕಾರ್ಖಾನೆಯಲ್ಲಿ ಇಂಜಿನು ಜೋಡಿಸುವ ವಿಭಾಗದಲ್ಲಿ ಮೂವತ್ತು ವರ್ಷಕ್ಕೂ ಮೇಲೆ ದುಡಿದು ನಿವೃತ್ತರಾದವರು. ಒಂಬತ್ತು ಮೆಟ್ಟಿಲಿನ ಗೊಂಬೆ. ಮೇಲೆ ಪಟ್ಟದ ಗೊಂಬೆಗಳು, ನಡುವೆ ಶೆಟ್ಟಿ-ಶೆಟ್ಟಿತಿ, ಚನ್ನಪಟ್ಟಣದ ಆಟಿಗೆಗಳು. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಿನ ಮೇಲೆ ವೃತ್ತಪತ್ರಿಕೆ ಹಾಸಿ, ಅದರ ಮೇಲೆ ಮೊಳದುದ್ದಕ್ಕೆ ಸಮನಾದ ಎರಡು ಕಬ್ಬಿಣದ ಕೋಲುಗಳು. ಮೈಯೆಲ್ಲ ಉಬ್ಬುಗಳು. ಒಂದೊಂದಕ್ಕೂ ಅರಿಸಿನ ಕುಂಕುಮ.

"ಇದೇನಮ್ಮ, ಹೊಸ ತರಹದ ಲಟ್ಟಣಿಗೆಯೆ?" ಎಂದು ನಮ್ಮ ಮನೆಯವರು ಕೇಳಿಯೇಬಿಟ್ಟರು.

"ನಮ್ಮ ಹುಡುಗನ ಪಟ್ಟದ ಗೊಂಬೆ ಇದು" ಎಂದು ಆಕೆ ನಕ್ಕರು. ಆದರೆ ಆ ನಗೆಯಲ್ಲಿ ಸೊಗಸಿರಲಿಲ್ಲ. ಕಾಫಿ ತಂದಿಟ್ಟು ಮೆಲ್ಲನೆ ಹೇಳಿದರು: "ಎರಡು ತಿಂಗಳಾಯಿತಣ್ಣ, ಅಪ್ಪ ಮಗ ಒಬ್ಬರಿಗೊಬ್ಬರು ಮಾತಾಡಿ. ಇದರಿಂದಲೇ. ನೀವು ಎಚ್.ಎಂ.ಟಿ.ಯಲ್ಲಿದ್ದವರು, ನೀವಾದರೂ ಏನಾದರೂ ಹೇಳಿ."

ಅವು ಕ್ಯಾಂಷಾಫ್ಟುಗಳು. ಮಗ ತನ್ನ ಸಂಬಳದ ಉಳಿತಾಯ ಸುರಿದು ದಿಲ್ಲಿಯ ಒಂದು ಅಂಗಡಿಯಿಂದ ತಂದಿದ್ದ. ಅಂಗಳದಲ್ಲಿ ಮನೆಯ 2010ನೆಯ ಇಸವಿಯ ಸ್ವಿಫ್ಟು ಕಾರು ಹೊದಿಕೆ ಹೊದ್ದು ನಿಂತಿತ್ತು. ಅದರ ಇಂಜಿನಿನ ಹೆಡ್ಡು ಬಾಲ್ಕನಿಯಲ್ಲಿ ಗೋಣಿಯ ಮೇಲಿತ್ತು. ಹದಿನೈದು ವರ್ಷ ತುಂಬಿದ ಪೆಟ್ರೋಲು ಗಾಡಿ ದಿಲ್ಲಿ ಸುತ್ತಿನಲ್ಲಿ ಓಡಬಾರದೆಂಬ ಆದೇಶವನ್ನು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಎತ್ತಿಹಿಡಿದದ್ದು, 2025ರಲ್ಲಿ ಆ ಪ್ರಶ್ನೆ ಮತ್ತೆ ಅದೇ ನ್ಯಾಯಾಲಯದ ಮುಂದೆ ಬಂದದ್ದು ವಾಚಕರಿಗೆ ತಿಳಿದೇ ಇದೆ. ಅಂಥ ಗಾಡಿ. ಮಾರಿದರೆ ಬೆಲೆಯಿಲ್ಲ, ಇಟ್ಟುಕೊಂಡರೆ ಕೆಲಸವಿಲ್ಲ. ಮಗ ಅದರ ಇಂಜಿನಿಗೆ ಉದ್ದನೆಯ ಸ್ಟ್ರೋಕಿನ ಕ್ರ್ಯಾಂಕು ಹಾಕಿ, ಮೇಲೊಂದು ಟರ್ಬೊ ಕೂರಿಸಿ, ರೇಸಿನ ಮೈದಾನಕ್ಕೆ ಒಯ್ಯುತ್ತೇನೆಂದು ಹೊರಟಿದ್ದ. ತಂದೆಯವರ ಉತ್ತರ ಒಂದೇ ವಾಕ್ಯ: "ಕಂಪನಿಯವರು ಲೆಕ್ಕ ಹಾಕಿ ಮಾಡಿದ್ದಕ್ಕೆ ಇವನು ಕೈ ಹಾಕುವುದೆ?" ಅಲ್ಲಿಗೆ ಮಾತು ನಿಂತಿತ್ತು.

ಈ ಹುಚ್ಚು ಹತ್ತಿಸಿದವರು ತಂದೆಯೇ ಎಂಬುದು ತಮಾಷೆ. 2011ರ ಅಕ್ಟೋಬರಿನಲ್ಲಿ ಗ್ರೇಟರ್ ನೋಯ್ಡಾದ ಬುದ್ಧ ಸರ್ಕಿಟ್ಟಿನಲ್ಲಿ ಮೊದಲ ಫಾರ್ಮುಲಾ ಒನ್ ಪಂದ್ಯ ನಡೆದಾಗ, ಹನ್ನೊಂದು ವರ್ಷದ ಮಗನನ್ನು ಇದೇ ಸ್ವಿಫ್ಟಿನಲ್ಲಿ ಕೂರಿಸಿಕೊಂಡು ಹೋಗಿದ್ದರು. 2.4 ಲೀಟರಿನ, ಎಂಟು ಸಿಲಿಂಡರಿನ, ನಿಮಿಷಕ್ಕೆ 18,000 ಸುತ್ತು ತಿರುಗುವ ಇಂಜಿನುಗಳು ಅವು. ಆ ಕೂಗು ಹುಡುಗನ ಕಿವಿಯಿಂದ ಹೋಗಲೇ ಇಲ್ಲ. 2013ರ ನಂತರ ಪಂದ್ಯ ಇಲ್ಲಿ ನಡೆಯಲಿಲ್ಲ. 2014ರಲ್ಲಿ ಆ ಕಾರುಗಳಿಗೆಲ್ಲ 1.6 ಲೀಟರಿನ ಟರ್ಬೊ ಇಂಜಿನು ಬಂದು ಕೂಗೂ ತಗ್ಗಿತು.

"ಮಾಮ, ಇದು ಇನ್ನೂರ ಎಂಬತ್ತು ಡಿಗ್ರಿಯ ಕ್ಯಾಂ. ನಿಂತಲ್ಲೇ ಗಾಡಿ ಗುಡುಗುಡು ಅನ್ನುತ್ತದೆ, ಗೊತ್ತಾ?" ಎಂದು ಹುಡುಗ ಹೆಮ್ಮೆಯಿಂದ ತೋರಿಸಿದ. ಗುಡುಗುಡು ಎನ್ನುವುದು ನಿಜ. ಅದೇ ತೊಂದರೆ ಎಂದು ನಾವು ಕುಳಿತೆವು.

ಮೈಸೂರಿನಲ್ಲಿ 1961ರಿಂದ 1996ರ ವರೆಗೆ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಮೋಟಾರುಸೈಕಲುಗಳನ್ನು ಹಿರಿಯ ವಾಚಕರು ಮರೆತಿರಲಾರರು. ಅವಕ್ಕೆ ಕ್ಯಾಂಷಾಫ್ಟಿನ ಗೊಡವೆಯೇ ಇರಲಿಲ್ಲ. ಎರಡು ಹೊಡೆತದ ಇಂಜಿನಾದ್ದರಿಂದ ಪಿಸ್ಟನ್ನೇ ಮೇಲೆ ಕೆಳಗೆ ಓಡಾಡುತ್ತ ಗೋಡೆಯ ಕಿಂಡಿಗಳನ್ನು ಮುಚ್ಚಿ ತೆರೆಯುತ್ತಿತ್ತು. ಕಾರಿನದು ನಾಲ್ಕು ಹೊಡೆತದ ಇಂಜಿನು: ಗಾಳಿ-ಪೆಟ್ರೋಲನ್ನು ಎಳೆದುಕೊಳ್ಳುವುದು, ಒತ್ತುವುದು, ಉರಿಸುವುದು, ಹೊಗೆ ಹೊರದೂಡುವುದು. ಒಳಬರುವ ಬಾಗಿಲು ಬೇರೆ, ಹೊರಹೋಗುವ ಬಾಗಿಲು ಬೇರೆ. ಈ ಬಾಗಿಲುಗಳೇ ವಾಲ್ವುಗಳು. ಬಾಗಿಲು ತೆಗೆಯುವ ಆಳು ಕ್ಯಾಂಷಾಫ್ಟು. ಕ್ರ್ಯಾಂಕು ಎರಡು ಸುತ್ತು ತಿರುಗಿದರೆ ಇದು ಒಂದು ಸುತ್ತು. ಇಂಜಿನು ನಿಮಿಷಕ್ಕೆ 6000 ಸುತ್ತು ಓಡುವಾಗ ಒಂದೊಂದು ವಾಲ್ವೂ ಸೆಕೆಂಡಿಗೆ ಐವತ್ತು ಸಲ ತೆರೆದು ಮುಚ್ಚುತ್ತದೆ. ಉಬ್ಬು ಎಷ್ಟೆತ್ತರವೋ ಬಾಗಿಲು ಅಷ್ಟು ಅಗಲ. ಉಬ್ಬು ಎಷ್ಟು ದಪ್ಪವೋ ಬಾಗಿಲು ಅಷ್ಟು ಹೊತ್ತು ತೆರೆದಿರುತ್ತದೆ. ಹುಡುಗ ಹೇಳಿದ ಇನ್ನೂರ ಎಂಬತ್ತು ಡಿಗ್ರಿ ಈ ಹೊತ್ತಿನ ಅಳತೆ.

ಮದುವೆಯ ಛತ್ರದಲ್ಲಿ ಊಟದ ಹಾಲನ್ನು ನೆನೆಸಿಕೊಳ್ಳಿ. ಮೊದಲ ಪಂಕ್ತಿಯವರು ಒಂದು ಬಾಗಿಲಿನಿಂದ ಕೈತೊಳೆಯಲು ಹೋಗುತ್ತಿರುವಾಗಲೇ ಎರಡನೆಯ ಪಂಕ್ತಿಯವರು ಇನ್ನೊಂದು ಬಾಗಿಲಿನಿಂದ ನುಗ್ಗುತ್ತಾರೆ. ಒಂದೆರಡು ನಿಮಿಷ ಎರಡು ಬಾಗಿಲೂ ತೆರೆದಿರುತ್ತವೆ. ಇಂಜಿನಿನಲ್ಲಿಯೂ ಹಾಗೆಯೆ, ಅದಕ್ಕೆ ಓವರ್‌ಲ್ಯಾಪು ಎನ್ನುತ್ತಾರೆ. ಟರ್ಬೊ ಇಲ್ಲದ ರೇಸು ಇಂಜಿನಿಗೆ ಇದು ಲಾಭ. ಹೊರಹೋಗುವ ಹೊಗೆಯ ವೇಗವೇ ಒಳಬರುವ ಗಾಳಿಯನ್ನು ಬೆನ್ನಿಗೆ ಎಳೆದು ತರುತ್ತದೆ. ನಿಧಾನವಾಗಿ ಓಡುವಾಗ ಮಾತ್ರ ಹೊಗೆ ಒಳಗೆ ಸೇರಿ ಗುಡುಗುಡು. ವೇಗ ಹೆಚ್ಚಿದಮೇಲೆ ಸರಿಹೋಗುತ್ತದೆ.

ಟರ್ಬೊ ಬಂದಾಗ ಛತ್ರದ ಸ್ಥಿತಿ ಬೇರೆ. ಸ್ವಿಟ್ಸರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟು ಪಡೆದ ಈ ಉಪಾಯದಲ್ಲಿ, ವ್ಯರ್ಥವಾಗಿ ಹೋಗುವ ಹೊಗೆಯೇ ಒಂದು ಚಕ್ರವನ್ನು ತಿರುಗಿಸುತ್ತದೆ, ಆ ಚಕ್ರದ ಅಚ್ಚಿಗೆ ಸೇರಿದ ಇನ್ನೊಂದು ಚಕ್ರ ಗಾಳಿಯನ್ನು ಒತ್ತಿ ಇಂಜಿನಿಗೆ ತುಂಬುತ್ತದೆ. ಸುತ್ತು ನಿಮಿಷಕ್ಕೆ ಒಂದು ಲಕ್ಷಕ್ಕೂ ಮೇಲೆ. ಆದರೆ ಕೈತೊಳೆಯುವ ಬಾಗಿಲಿಗೆ ಅಡ್ಡವಾಗಿ ಚಕ್ರ ನಿಂತಂತಾಯಿತಲ್ಲವೆ? ಅಲ್ಲಿ ನೂಕುನುಗ್ಗಲು. ಚಕ್ರ ಚಿಕ್ಕದಾದಷ್ಟೂ ನೂಕು ಹೆಚ್ಚು. ಎಷ್ಟೋ ಸಲ ಹೊರಗಿನ ಹೊಗೆಯ ಒತ್ತಡ ಒಳಗೆ ತುಂಬುವ ಗಾಳಿಯ ಒತ್ತಡವನ್ನೂ ಮೀರುತ್ತದೆ. ಆಗ ಎರಡು ಬಾಗಿಲನ್ನೂ ಬಹಳ ಹೊತ್ತು ತೆರೆದಿಟ್ಟರೆ ಉಂಡವರೇ ಎಲೆಯ ಮುಂದೆ ಮತ್ತೆ ಬಂದು ಕೂರುತ್ತಾರೆ. ಬಿಸಿ ಹೊಗೆ ಒಳಗೆ ಉಳಿದು, ಹೊಸ ಗಾಳಿಗೆ ಜಾಗವಿಲ್ಲದೆ, ಇಂಜಿನು ಕುಟುಕತೊಡಗುತ್ತದೆ.

ಆದ್ದರಿಂದಲೇ ಚಿಕ್ಕ ಟರ್ಬೊಗೆ ಕ್ಯಾಂ ಆರಿಸುವಾಗ ಓವರ್‌ಲ್ಯಾಪು ಕಡಿಮೆಯಿರಬೇಕು. ಒಳಬಾಗಿಲಿನ ಉಬ್ಬಿಗೂ ಹೊರಬಾಗಿಲಿನ ಉಬ್ಬಿಗೂ ನಡುವಣ ಕೋನ ಟರ್ಬೊ ಇಲ್ಲದ ರೇಸು ಇಂಜಿನುಗಳಲ್ಲಿ 104ರಿಂದ 108 ಡಿಗ್ರಿಯ ಸುತ್ತಮುತ್ತ ಇರುವುದುಂಟು. ಟರ್ಬೊಗೆ 112, 114 ಎಂದು ಅಗಲಿಸುತ್ತಾರೆ. ದೊಡ್ಡ ಚಕ್ರದ, ಹೊಗೆ ಸಲೀಸಾಗಿ ಹೋಗುವ ಟರ್ಬೊ ಆದರೆ ಲೆಕ್ಕ ಸ್ವಲ್ಪ ಸಡಿಲ. ಈ ಸ್ವಿಫ್ಟಿನಲ್ಲಿ ಒಳಬಾಗಿಲುಗಳಿಗೆ ಒಂದು, ಹೊರಬಾಗಿಲುಗಳಿಗೆ ಒಂದು ಎಂದು ಎರಡು ಕ್ಯಾಂಷಾಫ್ಟುಗಳಿರುವುದರಿಂದ ಒಂದನ್ನು ಇನ್ನೊಂದರಿಂದ ತುಸು ತಿರುಗಿಸಿ ಕೋನ ಹೊಂದಿಸಿಕೊಳ್ಳಬಹುದು. ಆದರೆ ತೆರೆದಿರುವ ಹೊತ್ತೇ ಅತಿಯಾಗಿದ್ದರೆ ತಿರುಗಿಸಿ ಎಷ್ಟು ಸರಿಪಡಿಸುವುದು?

"ಟರ್ಬೊ ಯಾವುದು ಕೊಳ್ಳುತ್ತೀಯಪ್ಪ?" ಎಂದೆವು. ಅದಿನ್ನೂ ಗೊತ್ತಾಗಿರಲಿಲ್ಲ. "ಎಷ್ಟು ಸುತ್ತಿನ ವರೆಗೆ ಓಡಿಸುತ್ತೀಯೆ?" ಅದೂ ಗೊತ್ತಿರಲಿಲ್ಲ. ಹೆಣ್ಣು ಗೊತ್ತಾಗುವ ಮೊದಲೇ ಛತ್ರಕ್ಕೆ ಮುಂಗಡ ಕೊಟ್ಟಂತೆ! ಎಷ್ಟು ಶಕ್ತಿ ಬೇಕು, ಯಾವ ಸುತ್ತಿನಲ್ಲಿ ಬೇಕು, ಅದಕ್ಕೆ ಯಾವ ಅಳತೆಯ ಟರ್ಬೊ, ಅದಕ್ಕೆ ಯಾವ ಪಿಸ್ಟನ್ನು ಎಂದು ನಿರ್ಧರಿಸಿದಮೇಲೆ ಕ್ಯಾಂ ಕೊನೆಯದು. ಎಷ್ಟೋ ಸಲ ಕಂಪನಿಯ ಕ್ಯಾಮೇ ಸಾಕಾಗುತ್ತದೆ. ಇದನ್ನು ಹೇಳಿದರೆ ಅಂಗಡಿಯವನಿಗೆ ವ್ಯಾಪಾರವಿಲ್ಲ.

ಇನ್ನು ಸ್ಟ್ರೋಕಿನ ಮಾತು. ಹುಡುಗನ ಉಪಾಯಕ್ಕೆ ಕಾರ್ಖಾನೆಯಲ್ಲಿಯೇ ಪೂರ್ವಜರಿದ್ದಾರೆ. 1983ರ ಡಿಸೆಂಬರ್ 14ರಂದು ಗುರುಗಾಂವಿಯ ಕಾರ್ಖಾನೆಯ ಮೊದಲ ಮಾರುತಿ 800 ಕಾರಿನ ಬೀಗದಕೈಯನ್ನು ಇಂದಿರಾ ಗಾಂಧಿಯವರು ಕೊಟ್ಟರಷ್ಟೆ. ಅದರ ಸಿಲಿಂಡರು 68.5 ಮಿ.ಮೀ. ಅಗಲ, ಪಿಸ್ಟನ್ನಿನ ಓಟ 72 ಮಿ.ಮೀ., ಸಿಲಿಂಡರು ಮೂರು; ಗುಣಿಸಿದರೆ 796 ಘನ ಸೆಂ.ಮೀ. ಈ 2010ರ ಸ್ವಿಫ್ಟಿನದು 73 ಮಿ.ಮೀ. ಅಗಲ, 71.5 ಮಿ.ಮೀ. ಓಟ, ಸಿಲಿಂಡರು ನಾಲ್ಕು, ಒಟ್ಟು 1197. 2012ರಲ್ಲಿ ಎರ್ಟಿಗಾ ಬಂದಾಗ ಅಗಲ ಅದೇ 73, ಓಟ ಮಾತ್ರ 82, ಒಟ್ಟು 1373. ಸ್ಟ್ರೋಕು ಹೆಚ್ಚಿಸಿ ಇಂಜಿನು ಬೆಳೆಸುವುದನ್ನು ಕಂಪನಿಯವರೇ ಮಾಡಿದ್ದಾರೆ ಎಂದಾಯಿತು.

ಆದರೆ ಕ್ರ್ಯಾಂಕು ಒಂದನ್ನು ಬದಲಿಸಿದರೆ ಮುಗಿಯಲಿಲ್ಲ. ಓಟ 10.5 ಮಿ.ಮೀ. ಹೆಚ್ಚಿದರೆ ಪಿಸ್ಟನ್ನು ಮೇಲಕ್ಕೆ ಅದರ ಅರ್ಧ, 5.25 ಮಿ.ಮೀ. ಹೆಚ್ಚಾಗಿ ಏರುತ್ತದೆ. ಬ್ಲಾಕಿನ ಎತ್ತರ ಹೆಚ್ಚಬೇಕು, ಇಲ್ಲವೆ ಕನೆಕ್ಟಿಂಗ್ ರಾಡು ಗಿಡ್ಡವಾಗಬೇಕು, ಇಲ್ಲವೆ ಪಿಸ್ಟನ್ನಿನ ಪಿನ್ನು ಮೇಲೆ ಸರಿಯಬೇಕು. ಇಲ್ಲದಿದ್ದರೆ ಪಿಸ್ಟನ್ನು ಹೆಡ್ಡಿಗೆ ಹೋಗಿ ಬಡಿಯುತ್ತದೆ. ಒತ್ತುವ ಪ್ರಮಾಣವೂ ಏರುತ್ತದೆ. ಮೊದಲು ಹತ್ತಕ್ಕೆ ಒಂದು ಇತ್ತೆಂದಿಟ್ಟುಕೊಳ್ಳಿ. ಒಂದೊಂದು ಸಿಲಿಂಡರಿನ ತಲೆಯ ಕುಳಿ 33 ಘನ ಸೆಂ.ಮೀ. ಚಿಲ್ಲರೆ. ಕುಳಿಯನ್ನು ಹಾಗೆಯೇ ಬಿಟ್ಟು ಓಟ 82 ಮಾಡಿದರೆ ಪ್ರಮಾಣ 11.3. ಟರ್ಬೊ ತುಂಬುವ ಗಾಳಿಗೆ ಅದು ಅತಿ. ಒಂಬತ್ತಕ್ಕೆ ಇಳಿಸಬೇಕಾದರೆ ಕುಳಿ ಸುಮಾರು 43 ಘನ ಸೆಂ.ಮೀ. ಆಗಬೇಕು. ಆ ಹತ್ತರಷ್ಟು ಜಾಗವನ್ನು ಪಿಸ್ಟನ್ನಿನ ತಲೆಯಲ್ಲಿ ತಟ್ಟೆಯಂತೆ ತಗ್ಗು ಮಾಡಿ ಪಡೆಯುತ್ತಾರೆ. ಅಂಥ ಪಿಸ್ಟನ್ನು ಎರಕದ್ದಾಗದೆ ಬಡಿದು ಮಾಡಿದ್ದಾಗಿದ್ದರೆ ಒಳ್ಳೆಯದು. ಮೇ ತಿಂಗಳಲ್ಲಿ ನಮ್ಮ ಊರಿನ ನಲವತ್ತೈದು ಡಿಗ್ರಿ ಸೆಕೆಯ ಗಾಳಿಯನ್ನು ಟರ್ಬೊ ಒತ್ತಿ ಇನ್ನಷ್ಟು ಕಾಯಿಸಿ ಕಳಿಸುತ್ತದೆ. ಅದನ್ನು ತಣಿಸುವ ಇಂಟರ್‌ಕೂಲರು ಇಲ್ಲದೆ ಈ ಕೆಲಸಕ್ಕೆ ಕೈಹಾಕಲೇಕೂಡದು.

ವೇಗದ ಲೆಕ್ಕ ಇನ್ನೊಂದಿದೆ. 6000 ಸುತ್ತಿನಲ್ಲಿ 71.5ರ ಓಟದ ಪಿಸ್ಟನ್ನು ಸರಾಸರಿ ಸೆಕೆಂಡಿಗೆ 14.3 ಮೀಟರು ಓಡುತ್ತದೆ. 82ರದು 16.4. ರಾಡನ್ನು ಜಗ್ಗುವ ಬಲವೂ ಅದೇ ಸುತ್ತಿನಲ್ಲಿ ನೂರಕ್ಕೆ ಹದಿನೈದರಷ್ಟು ಹೆಚ್ಚು. ಅಂದಮೇಲೆ ಉದ್ದ ಓಟದ ಇಂಜಿನನ್ನು ಬಹಳ ಸುತ್ತು ಓಡಿಸಬಾರದು. ಬಾಗಿಲುಗಳ ಅಳತೆ ಮೊದಲಿನದೇ ಆಗಿರುವುದರಿಂದ ಅದು ಬೇಗನೆ ಉಸಿರು ಕಟ್ಟಿ ಕಡಿಮೆ ಸುತ್ತಿನಲ್ಲಿಯೇ ತನ್ನ ಶಕ್ತಿ ತೋರಿಸುತ್ತದೆ. ಇನ್ನೂರ ಎಂಬತ್ತು ಡಿಗ್ರಿಯ ಕ್ಯಾಮಾದರೋ ಹೆಚ್ಚು ಸುತ್ತಿನಲ್ಲಿ ಕೆಲಸ ಮಾಡುವಂಥದು. ಕ್ರ್ಯಾಂಕು ಕೆಳಕ್ಕೆ ಎಳೆಯುತ್ತದೆ, ಕ್ಯಾಮು ಮೇಲಕ್ಕೆ ಎಳೆಯುತ್ತದೆ. ಅತ್ತೆ ಸೊಸೆಯರಿಬ್ಬರ ಮಾತನ್ನೂ ಕೇಳಬೇಕಾದ ಗಂಡಸಿನ ಪಾಡು ಆ ಇಂಜಿನಿನದು. (ನಮ್ಮ ಮನೆಯವರು ಈ ಸಾಲನ್ನು ತೆಗೆಯಬೇಕೆಂದರು. ತೆಗೆಯಲಿಲ್ಲ.)

ವಾಲ್ವಿನ ಸ್ಪ್ರಿಂಗುಗಳನ್ನು ಯಾರೂ ಲೆಕ್ಕಕ್ಕೆ ತರುವುದಿಲ್ಲ. ಒಳಬಾಗಿಲಿನ ವಾಲ್ವು 28 ಮಿ.ಮೀ. ವ್ಯಾಸದ್ದೆಂದುಕೊಳ್ಳಿ. ಟರ್ಬೊ ವಾಯುಮಂಡಲದ ಮೇಲೆ 0.8 ಬಾರ್ ಒತ್ತಡ ಹಾಕಿದರೆ ಮುಚ್ಚಿರುವ ವಾಲ್ವಿನ ಬೆನ್ನಿನ ಮೇಲೆ ಐದು ಕಿಲೋ ಭಾರ ಬಿದ್ದಂತೆ. ಹದಿನೈದು ಕಿಲೋ ಬಲದಿಂದ ಮುಚ್ಚಿ ಹಿಡಿಯುವ ಸ್ಪ್ರಿಂಗಿಗೆ ಹತ್ತೇ ಕಿಲೋ ಉಳಿಯಿತು. ಹೆಚ್ಚು ಸುತ್ತಿನಲ್ಲಿ ಬಾಗಿಲು ಸಮಯಕ್ಕೆ ಮುಚ್ಚದೆ ತೇಲುತ್ತದೆ. ಕೆಳಗಿನಿಂದ ಪಿಸ್ಟನ್ನು ಬಂದು ಕುಟ್ಟಿದರೆ ಇಂಜಿನೇ ಹೋಯಿತು. ಹಾಗೆಂದು ಅತಿ ಗಡುಸು ಸ್ಪ್ರಿಂಗು ಹಾಕಿದರೆ ಕ್ಯಾಂ ಸವೆಯುತ್ತದೆ. ಉಬ್ಬಿನ ಎತ್ತರ ಹೆಚ್ಚಿದರೆ ಸ್ಪ್ರಿಂಗಿನ ಸುರುಳಿಗಳು ಒಂದರ ಮೇಲೊಂದು ಕೂತು ಕಲ್ಲಾಗುವುದುಂಟು. ಅದನ್ನೂ ಅಳೆದು ನೋಡಬೇಕು.

ಮಿಕ್ಕವನ್ನು ಬೇಗ ಹೇಳುತ್ತೇವೆ. ಹೆಡ್ಡಿನ ಬೋಲ್ಟುಗಳು, ಗ್ಯಾಸ್ಕೆಟ್ಟು, ಟರ್ಬೊ ಅಚ್ಚಿಗೆ ಎಣ್ಣೆ, ಕ್ಲಚ್ಚು, ಬ್ರೇಕು. ಪೆಟ್ರೋಲಿನ ಲೆಕ್ಕ ಮಾತ್ರ ಬಾಯಿಪಾಠವಿರಬೇಕು. 150 ಅಶ್ವಶಕ್ತಿಗೆ ಗಂಟೆಗೆ ಸುಮಾರು 40 ಕಿಲೋ, ಅಂದರೆ 55 ಲೀಟರು ಪೆಟ್ರೋಲು ಬೇಕು. ನಾಲ್ಕು ಇಂಜೆಕ್ಟರುಗಳಿಗೆ ಹಂಚಿ, ಐದನೆಯ ಒಂದು ಭಾಗ ಬಿಡುವು ಕೊಟ್ಟರೆ ಒಂದೊಂದೂ ನಿಮಿಷಕ್ಕೆ 285 ಘನ ಸೆಂ.ಮೀ. ಸುರಿಯುವಂತಿರಬೇಕು. ಎಥನಾಲು ಬೆರೆತ ಈಗಿನ ಪೆಟ್ರೋಲಿಗೆ ಇನ್ನೂ ತುಸು ಹೆಚ್ಚು. ಅಷ್ಟು ಸಿಕ್ಕದಿದ್ದರೆ ಪಿಸ್ಟನ್ನಿಗೆ ತೂತು.

ರಸ್ತೆಯಲ್ಲಿ ಇದನ್ನು ಓಡಿಸುವ ಮಾತು ಬೇಡವೆಂದೂ ಹೇಳಿದೆವು. ಮೋಟಾರು ವಾಹನ ಕಾಯಿದೆಯ 52ನೆಯ ಕಲಂ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದು. ಕೇರಳದ ಒಂದು ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಖಚಿತಪಡಿಸಿತು. 1197 ಎಂಬ ಅಂಕಿ ಆರ್‌ಸಿ ಪುಸ್ತಕದಲ್ಲಿಯೇ ಇದೆ. ಅಪಘಾತವಾದರೆ ವಿಮೆಯವರು ಮೊದಲು ನೋಡುವುದು ಅದನ್ನೇ. ಹುಡುಗ ಇದಕ್ಕೆ ಎದುರಾಡಲಿಲ್ಲ. ಲಾರಿಯ ಮೇಲೆ ಹೇರಿಕೊಂಡು ಮೈದಾನಕ್ಕೇ ಒಯ್ಯುತ್ತೇನೆ ಎಂದ.

ಇಷ್ಟು ಹೊತ್ತು ಯಜಮಾನರು ಒಳಕೋಣೆಯಲ್ಲಿದ್ದರು. ಬಾಗಿಲು ಮಾತ್ರ ಅರ್ಧ ತೆರೆದಿತ್ತು. ಹುಡುಗ ವಾಲ್ವಿಗೂ ಪಿಸ್ಟನ್ನಿಗೂ ಎಷ್ಟು ಅಂತರ ಬೇಕೆಂಬುದನ್ನು ಹೇಳುತ್ತ "ಅರ್ಧ ಮಿಲಿಮೀಟರು ಸಾಕು ಮಾಮ" ಎಂದ. ಒಳಗಿನಿಂದ ಧ್ವನಿ ಬಂತು: "ಒಳವಾಲ್ವಿಗೆ ಎರಡು. ಹೊರವಾಲ್ವಿಗೆ ಎರಡೂವರೆ. ಅರ್ಧವಂತೆ!"

ಎರಡು ತಿಂಗಳ ಮೇಲೆ ಆಡಿದ ಮೊದಲ ಮಾತು ಅದು. ಆಕೆ ಕಾಫಿಯ ಲೋಟಗಳನ್ನು ಎತ್ತುತ್ತಿದ್ದವರು ಹಾಗೆಯೇ ನಿಂತರು.

ಯಜಮಾನರು ಹೊರಬಂದು ನಮ್ಮ ಎದುರಿಗೆ ಕೂತರು. ಕೈಯಲ್ಲಿ ಹಳೆಯ ಮೈಕ್ರೊಮೀಟರಿನ ಪೆಟ್ಟಿಗೆ. ಪಿಸ್ಟನ್ನಿನ ತಲೆಯ ಮೇಲೆ ಜೇಡಿಮಣ್ಣಿಟ್ಟು, ಇಂಜಿನನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ, ಮಣ್ಣು ಎಷ್ಟು ತೆಳುವಾಯಿತೆಂದು ಕೊಯ್ದು ಅಳೆಯುವ ಕ್ರಮವನ್ನು ಮಗನಿಗಲ್ಲ, ನಮಗೆ ಹೇಳಿದರು. ನಾವೂ ಹೊಸದಾಗಿ ಕೇಳುವವರಂತೆ ಕೇಳಿದೆವು. ಆಮೇಲೆ ಗೊಂಬೆಯ ಮೆಟ್ಟಿಲಿಂದ ಒಂದು ಕ್ಯಾಂಷಾಫ್ಟನ್ನು ಎತ್ತಿ, ಕುಂಕುಮ ಒರೆಸಿ, ಕಾರಿನ ಮೂಲ ಕ್ಯಾಂಷಾಫ್ಟನ್ನೂ ತರಿಸಿ, ಉಬ್ಬಿಲ್ಲದ ಗುಂಡು ಭಾಗವನ್ನು ಅಳೆದರು. ಒಂದು ಸಲ, ಎರಡು ಸಲ. ಮೈಕ್ರೊಮೀಟರನ್ನು ನಮ್ಮ ಕೈಗೆ ಕೊಟ್ಟು "ನೀವು ನೋಡಿ" ಎಂದರು.

ಹೊಸದರ ಗುಂಡು ಭಾಗ ಮೂಲದ್ದಕ್ಕಿಂತ ಒಂದು ಮಿಲಿಮೀಟರಿಗೂ ಮೇಲೆ ಸಣ್ಣದು. ಹೊಸ ಕಂಬಿಯಿಂದ ಕಡೆದದ್ದೆಂದು ಹೇಳಿ ಮಾರಿದ್ದು ಹಳೆಯ ಕ್ಯಾಂಷಾಫ್ಟು. ಸಾಣೆ ಹಿಡಿದು ಗುಂಡನ್ನು ತಗ್ಗಿಸಿದ್ದರು. ಗುಂಡು ತಗ್ಗಿದರೆ ಉಬ್ಬು ತಾನಾಗಿ ಎತ್ತರವಾಗುತ್ತದಷ್ಟೆ. ಹಾಗೆ ಮಾಡುವುದೇ ತಪ್ಪೆಂದಲ್ಲ. ಸರಿಯಾಗಿ ಮಾಡಿ ಮತ್ತೆ ಗಡುಸು ಕೊಟ್ಟರೆ ನಡೆಯುತ್ತದೆ. ನಾವು ಜಾಲಹಳ್ಳಿಯಿಂದ 1974ರಲ್ಲಿ ಪಿಂಜೋರಿನ ಎಚ್.ಎಂ.ಟಿ.ಗೆ ಬಂದು ಸಾಣೆಯ ಯಂತ್ರಗಳ ಬಳಿಯೇ ಕೂದಲು ಹಣ್ಣು ಮಾಡಿಕೊಂಡವರು. ಒಂದು ಅರ ತರಿಸಿ ಉಬ್ಬಿನ ಅಂಚಿಗೆ ಮೆಲ್ಲಗೆ ತೀಡಿ ನೋಡಿದೆವು. ಗಡುಸಾದ ಉಕ್ಕಿನ ಮೇಲೆ ಅರ ಜಾರಬೇಕು. ಇಲ್ಲಿ ಕಚ್ಚಿತು. ಮೇಲಿನ ಗಡುಸು ಪದರವೆಲ್ಲ ಸಾಣೆಯಲ್ಲಿ ಹೋಗಿತ್ತು. ಇದನ್ನು ಹಾಕಿ ಓಡಿಸಿದ್ದರೆ ಕೆಲವೇ ನೂರು ಮೈಲಿಯಲ್ಲಿ ಉಬ್ಬು ಸವೆದು, ಆ ಕಬ್ಬಿಣದ ಪುಡಿ ಎಣ್ಣೆಯಲ್ಲಿ ಬೆರೆತು, ಲಕ್ಷ ಸುತ್ತು ತಿರುಗುವ ಟರ್ಬೊವಿನ ಅಚ್ಚಿಗೆ ಹೋಗುತ್ತಿತ್ತು.

ಹುಡುಗನ ಮುಖ ನೋಡಲಾಗಲಿಲ್ಲ. ಐದು ತಿಂಗಳ ಉಳಿತಾಯ ಅದು. ತಂದೆಯವರು ಬಯ್ಯುತ್ತಾರೆಂದು ನಾವು ಕಾದೆವು. ಅವರು ಮೈಕ್ರೊಮೀಟರನ್ನು ಒರೆಸಿ ಪೆಟ್ಟಿಗೆಗೆ ಹಾಕಿ, "ರಸೀತಿ ಇದೆಯೇನೋ?" ಎಂದರು. ಇರಲಿಲ್ಲ.

"ಅಪ್ಪ, ಹಳೇ ಕ್ಯಾಮೇ ಹಾಕಿದರೆ?"

"ಹಳೇದೇ ಹಾಕು. ಮೊದಲು ಟರ್ಬೊ ಯಾವುದು ಅಂತ ಬರೆದು ತೋರಿಸು. ಸುತ್ತು ಎಷ್ಟು ಅಂತ ಬರೆ. ಪಿಸ್ಟನ್ನು ಬಂದಮೇಲೆ ನಾನು ಅಳೆಯದೆ ಹೆಡ್ಡು ಮುಚ್ಚಕೂಡದು."

ಮೊನ್ನೆ ಸಂಘದ ಸಭೆಯಲ್ಲಿ ಆಕೆ ಸಿಕ್ಕಿದ್ದರು. ಊಟದ ಮೇಜಿನ ಮೇಲೆ ಈಗ ಎರಡು ಹೊತ್ತೂ ಕಾಗದ ಪೆನ್ಸಿಲೇ ಹರಡಿರುತ್ತವಂತೆ. ಸಾರು ಬಡಿಸಲು ಜಾಗವಿಲ್ಲವೆಂದು ದೂರಿದರು. ಟರ್ಬೊ ಇನ್ನೂ ಕೊಂಡಿಲ್ಲ; 0.5 ಬಾರೋ 0.8 ಬಾರೋ ಎಂಬಲ್ಲಿ ಅಪ್ಪ ಮಗನ ವಾದ ನಿಂತಿದೆಯಂತೆ. ಆ ಜೋಡಿ ಕ್ಯಾಂಷಾಫ್ಟುಗಳೇನಾದುವೆಂದು ಕೇಳಿದೆವು. ವಿಜಯದಶಮಿಯಾದಮೇಲೆ ಗೊಂಬೆಗಳನ್ನು ಇಳಿಸುವಾಗ ಅವನ್ನೂ ಹಳೆಯ ಸೀರೆಯಲ್ಲಿ ಸುತ್ತಿ, ಪಟ್ಟದ ಗೊಂಬೆಗಳ ಪೆಟ್ಟಿಗೆಯಲ್ಲಿಯೇ ಇಟ್ಟಿದ್ದಾರೆ. ಮುಂದಿನ ವರ್ಷ ಎರಡನೆಯ ಮೆಟ್ಟಿಲಿಗೆ ಏರಿಸುತ್ತಾರಂತೆ.